ಹತ್ತನೆಯ ಹುಡುಗಿ

ಪಂಚಾಕ್ಷರಪ್ಪ ಬಂದರೆ ಸರ್ವಮಂಗಳಳ ಮನೆಯಲ್ಲಿ ಎರಡನೇ ಸಲ ಚಹಾ ಕಾಯುತ್ತಿತ್ತು. ತಾಯಿಗೆ ದೂರದ ಅಣ್ಣ, ಮೇಲಾಗಿ ಕಾಲೇಜಿನಲ್ಲಿ ಮನಃಶಾಸ್ತ್ರದ ಲೆಕ್ಚರರು. ನ್ಯಾಮತಿಯ ಆ ಬೀದಿಯಲ್ಲಿ ಅಂಥ ನೆಂಟಸ್ತಿಕೆ ಬೇರೆ ಯಾರಿಗೂ ಇರಲಿಲ್ಲ.

ಎಂಬತ್ತನಾಲ್ಕರ ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಬಂದವರು ಚಹಾ ಮುಟ್ಟುವ ಮೊದಲೇ ಹೇಳಿದರು: "ಮಂಗಳಾ, ಸವಳಂಗಕ್ಕೆ ಹೋಗಿ ಬರಾನ ನಡಿ. ಧರ್ಮಪ್ಪ ಅಂತ ಟೈಲರ್ ಅದಾನೆ. ಮಗಳು ಪಿಯುಸಿ ಪಾಸಾಗ್ಯಾಳೆ. ನೀನು ನಾಲ್ಕು ಮಾತು ಹೇಳಿದರೆ ನಮ್ಮ ಕಾಲೇಜಿಗೆ ಕಳಿಸ್ತಾನೆ."

"ನನ್ನ ಮಾತು ಯಾಕೆ ಮಾವ?"

"ಮನಃಶಾಸ್ತ್ರಕ್ಕೆ ಸೇರಾಕೆ ಒಂಬತ್ತು ಮಂದಿ ಹೂಂ ಅಂದಾರೆ. ಹತ್ತಾಗದಿದ್ದರೆ ಈ ವರ್ಷ ನನ್ನ ವಿಷಯಾನೇ ಮುಚ್ಚತಾರೆ. ಹತ್ತಾದರೆ ಟ್ಯೂಟರ್ ಕೆಲಸ ನಿಂದೇ. ತಿಂಗಳಿಗೆ ಮುನ್ನೂರೈವತ್ತು. ಒಂದೇ ವರ್ಷದಾಗೆ ಸಾಲ ಚುಕ್ತಾ."

ಸಾಲ ಎಂಬ ಮಾತಿಗೆ ಒಳಗಿದ್ದ ತಾಯಿ ಬಾಗಿಲಿಗೆ ಬಂದು ನಿಂತಳು. ಸರ್ವಮಂಗಳ ಸೀರೆ ಬದಲಿಸಲು ಎದ್ದಳು.

ಆ ಸಾಲಕ್ಕೆ ಜಾಮೀನು ಹಾಕಿದ್ದೂ ಮಾವನೇ. ಎಪ್ಪತ್ತೊಂಬತ್ತರಲ್ಲಿ ಅವಳು ಇತಿಹಾಸ ಓದಿ ಹೈಸ್ಕೂಲು ಮೇಡಂ ಆಗಬೇಕೆಂದು ಕಾಲೇಜಿಗೆ ಹೋಗಿದ್ದಳು. ಇತಿಹಾಸದಲ್ಲಿ ಸೀಟು ತುಂಬಿದೆ ಎಂದು ಮಾವ ಮನಃಶಾಸ್ತ್ರಕ್ಕೆ ಸೇರಿಸಿದರು. ಸರಕಾರದ ಸಾಲದ ಅರ್ಜಿಗೆ ತಾವೇ ಸಹಿ ಹಾಕಿ, "ಮೇಷ್ಟ್ರಾದವರಿಗೆ ವರ್ಷಾ ವರ್ಷಾ ಒಂದೊಂದು ಪಾಲು ಮನ್ನಾ ಐತೆ, ಹೆದರಬ್ಯಾಡ" ಎಂದರು. ಅವಳು ಅವರ ಕಾಲು ಮುಟ್ಟಿ ನಮಸ್ಕರಿಸಿದ್ದಳು. ಓದು ಅವಳಿಗೆ ರುಚಿಸಿತು ಕೂಡ. ಮನುಷ್ಯ ಯಾಕೆ ಮರೆಯುತ್ತಾನೆ, ಯಾಕೆ ಅಂಜುತ್ತಾನೆ ಎಂಬ ಪಾಠಗಳನ್ನು ಬಸ್ಸಿನಲ್ಲೂ ಓದುತ್ತಿದ್ದಳು. ಆದರೆ ಬಿ.ಎಡ್. ಅರ್ಜಿಯ ಕಿಟಕಿಯ ಮುಂದೆ ನಿಂತಾಗ ಗುಮಾಸ್ತ ಅಂಕಪಟ್ಟಿ ನೋಡಿ, "ಹೈಸ್ಕೂಲಿನಾಗೆ ಮನಃಶಾಸ್ತ್ರ ಎಷ್ಟನೇ ಪೀರಿಯಡ್ಡಮ್ಮ?" ಎಂದ. ಹಿಂದೆ ನಿಂತವರು ನಕ್ಕರು. ಶಾಲೆಯಲ್ಲಿ ಇಲ್ಲದ ವಿಷಯ ಓದಿದವರಿಗೆ ಅಲ್ಲಿ ಪ್ರವೇಶವಿರಲಿಲ್ಲ.

"ಈ ವರ್ಷ ಕಾನೂನು ಬದಲಾಗೈತೆ, ನನಗೆ ಹೆಂಗೆ ಗೊತ್ತಾಗಬೇಕು?" ಎಂದಿದ್ದರು ಮಾವ. ಅವಳು ನಂಬಿದ್ದಳು.

ಸವಳಂಗದ ಬಸ್ಸಿನಲ್ಲಿ ಮಾವ ಉತ್ಸಾಹದಲ್ಲಿದ್ದರು. "ಅರ್ಜಿ ಕೊಡಾದು ಸೋಮವಾರದಿಂದ. ಅದಕ್ಕೂ ಮುಂಚೆ ಹಿಡಿದು ಹಾಕಿಬಿಡಬೇಕು. ಆಮ್ಯಾಕೆ ಯಾರ್ಯಾರೋ ಏನೇನೋ ತಲಿಗೆ ತುಂಬತಾರೆ."

ಧರ್ಮಪ್ಪ ಕೊರಳಲ್ಲಿ ಟೇಪು ಹಾಕಿಕೊಂಡೇ ಎದ್ದು ಬಂದ. ಮಗಳು ಅಂಜಿನಮ್ಮ ಅಂಗಿಗೆ ಕಾಜಾ ಹೊಲಿಯುತ್ತ ಕೂತಿದ್ದಳು.

"ಏನಮ್ಮ, ಮುಂದೆ ಏನು ಓದಬೇಕಂತೀಯ?" ಎಂದರು ಮಾವ.

"ಇತಿಹಾಸ ತಗಳ್ಳಾಣ ಅಂತ ಸಾರ್."

"ಅಯ್ಯೋ, ಇತಿಹಾಸ ತುಂಬಿಹೋಗೈತಲ್ಲಮ್ಮ. ಒಂದು ಸೀಟೂ ಇಲ್ಲ."

ಎಷ್ಟು ಮರುಕದಿಂದ ಹೇಳಿದರು! ಐದು ವರ್ಷದ ಹಿಂದೆಯೂ ದನಿ ಹೀಗೇ ಇತ್ತು, ಕೈ ಹೀಗೇ ಆಡಿತ್ತು. ಅರ್ಜಿಯನ್ನೇ ಕೊಡದೆ ಸೀಟು ಹೇಗೆ ತುಂಬುತ್ತದೆ? ಸರ್ವಮಂಗಳ ಮಾವನ ಮುಖ ನೋಡಿದಳು. ಮಾವ ಧರ್ಮಪ್ಪನನ್ನು ನೋಡುತ್ತಿದ್ದರು.

"ಸಾಲ ಮಾಡಿ ಓದಿಸಿದರೆ ತೀರತೈತೇನ್ರಿ? ನನ್ನ ಗಿರಾಕಿಗಳು ಪ್ಯಾಂಟು ಹೊಲಿಸ್ಕಂಡು ದೀಪಾವಳಿಗೆ ದುಡ್ಡು ಕೊಡಾ ಜನ," ಎಂದು ಧರ್ಮಪ್ಪ ನಕ್ಕ.

"ಯಾಕೆ ತೀರಲ್ಲ? ಇಗಳ, ಇವಳೇ ಅದಾಳಲ್ಲ, ನಮ್ಮ ತಂಗಿ ಮಗಳು. ಹೇಳು ಮಂಗಳಾ."

ಮುನ್ನೂರೈವತ್ತು. ಬೆಳಿಗ್ಗೆ ಬಾಗಿಲಲ್ಲಿ ನಿಂತಿದ್ದ ತಾಯಿ ಕಣ್ಣ ಮುಂದೆ ಬಂದಳು. ಸುಮ್ಮನೆ ತಲೆಯಾಡಿಸಿದರೂ ಸಾಕಿತ್ತು. ಅಂಜಿನಮ್ಮ ಸೂಜಿ ನಿಲ್ಲಿಸಿ ಕಾದಿದ್ದಳು.

"ನಾನು ಮೂರು ಸಾವಿರ ತಗಂಡೆ," ಎಂದಳು ಸರ್ವಮಂಗಳ. "ಈಗ ಶಿಶುವಿಹಾರದಾಗೆ ಹಾಡು ಹೇಳಿಕೊಡ್ತೀನಿ. ತಿಂಗಳಿಗೆ ತೊಂಬತ್ತು ಕೊಡ್ತಾರೆ, ಅದರಾಗೆ ಐವತ್ತು ಸಾಲಕ್ಕೆ. ಒಂದು ವರ್ಷ ಕಟ್ಟಿದೀನಿ, ಇನ್ನೂ ನಾಲ್ಕು ಐತೆ. ವಿಷಯ ಒಳ್ಳೇದೇ. ಆದರೆ ಅದನ್ನು ಓದಿ ಮೇಡಂ ಆಗಾಕೆ ಬರಲ್ಲ. ಇತಿಹಾಸ ಓದಿದರೆ ಬರತೈತೆ. ಅರ್ಜಿ ಸೋಮವಾರದಿಂದ ಕೊಡ್ತಾರಂತೆ, ಮೊದಲನೇ ದಿನಾನೇ ಹೋಗು."

ಧರ್ಮಪ್ಪ ಒಬ್ಬರಾದ ಮೇಲೊಬ್ಬರ ಮುಖ ನೋಡಿ, "ಚಾ ತರಿಸ್ತೀನಿ, ಕುಂದರ್ರಿ," ಎಂದ. ಮಾವ ಆಗಲೇ ಚಪ್ಪಲಿ ಮೆಟ್ಟಿದ್ದರು.

ಬಸ್‌ ನಿಲ್ದಾಣದವರೆಗೂ ಅವರು ಮುಂದೆ ಮುಂದೆ ನಡೆದರು. ಅಲ್ಲಿ ತಿರುಗಿ ನಿಂತು, "ಜಾಮೀನಿಗೆ ಸಹಿ ಹಾಕಿದೋನಿಗೆ ಒಳ್ಳೇ ಮರ್ಯಾದೆ ಮಾಡಿದೆ ಕಣವ್ವ," ಎಂದರು.

"ನಾನು ಸೇರಿದ ವರ್ಷ ಇತಿಹಾಸದಾಗೆ ಎಷ್ಟು ಸೀಟು ಉಳಿದಿದ್ವು ಮಾವ?"

ಮಾವ ರಸ್ತೆ ನೋಡಿದರು. ಬಸ್ಸು ಬರುವ ಸೂಚನೆಯೂ ಇರಲಿಲ್ಲ.

"ಹದಿನಾಲ್ಕು," ಎಂದರು ಕೊನೆಗೆ. "ಆ ವರ್ಷಾನೂ ನನಗೆ ಒಂಬತ್ತೇ ಮಂದಿ ಇದ್ರು, ಮಂಗಳಾ. ನನಗೂ ಹೆಂಡತಿ ಮಕ್ಕಳು ಇದ್ರು."

ಒಂದು ಅಂದಿದ್ದರೆ, ಎರಡು ಅಂದಿದ್ದರೆ, ಬೇರೆ ಯಾರೋ ಬಡವರ ಮಗಳಿಗೆ ಇಟ್ಟಿದ್ದೆ ಅಂದಿದ್ದರೆ, ಅವಳು ಅದನ್ನೂ ನಂಬಲು ಸಿದ್ಧಳಿದ್ದಳು. ಹದಿನಾಲ್ಕು ಖಾಲಿ ಜಾಗ. ಅವಳಿಗೆ ಒಂದು ಸಾಕಿತ್ತು.

ಬಸ್ಸು ಬಂದಾಗ ಮಾವ ಹತ್ತಿ, ಕಿಟಕಿಯ ಕಡೆ ಸರಿದು ಪಕ್ಕದಲ್ಲಿ ಜಾಗ ಬಿಟ್ಟರು. ಸರ್ವಮಂಗಳ ಹಿಂದಿನ ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತಳು. "ಮುಂದೆ ಸೀಟು ಖಾಲಿ ಐತಲ್ಲಕ್ಕ," ಎಂದ ಕಂಡಕ್ಟರ್. ಅವಳು ಚಿಲ್ಲರೆ ಎಣಿಸಿ ತನ್ನೊಬ್ಬಳದೇ ಟಿಕೆಟ್ ತೆಗೆದುಕೊಂಡಳು.