ಹೆಬ್ಬೆಟ್ಟಿನ ಹಾಜರಿ

ನಮ್ಮ ಪತ್ತಿನ ಸಂಘದ ಮುಖ್ಯ ಕಚೇರಿ ಬೈಲಹೊಂಗಲದಲ್ಲಿ. ಶಾಖೆಗಳು ಕಿತ್ತೂರು, ಸವದತ್ತಿ, ರಾಮದುರ್ಗದಲ್ಲಿ. ಈ ನಾಲ್ಕನ್ನೂ ಜೋಡಿಸುವ ನೆಟ್‌ವರ್ಕಿಗೆ ಯಜಮಾನಿ ನಾನು, ಮಂಜುಳಾ. ಯಜಮಾನಿ ಅಂದರೆ ಗುತ್ತಿಗೆ ನೌಕರಳು. ಇಂಜಿನಿಯರಿಂಗ್ ಓದಿದ್ದರಿಂದ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಎಳೆಯುವ ಅಧಿಕಾರವೂ ನನಗೇ ಇತ್ತು.

ನಮ್ಮ ನೆಟ್‌ವರ್ಕಿಗೆ ಬರುವ ರೋಗ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಕಿತ್ತೂರಿನಲ್ಲಿ ರೂಟರಿನ ಪ್ಲಗ್ ಕಿತ್ತು ಮೊಬೈಲ್ ಚಾರ್ಜಿಗೆ ಹಾಕುತ್ತಾರೆ, ರಾಮದುರ್ಗದಲ್ಲಿ ಫ್ಯಾನಿಗೆ. ಫೋನಿನಲ್ಲಿ ಕೇಳಿದರೆ "ನಾವೇನೂ ಮುಟ್ಟಿಲ್ರೀ" ಅನ್ನುತ್ತಾರೆ. ಹೀಗಾಗಿ ಬೆಳಗಾದರೆ ಮನೆಯಿಂದ ಸೀದಾ ಬಸ್‌ಸ್ಟ್ಯಾಂಡಿಗೆ ಹೋಗುವುದೇ ನನ್ನ ವೃತ್ತಿಜೀವನ.

ಒಬ್ಬರನ್ನು ಕಾಯಂ ಮಾಡುತ್ತಾರೆ ಎಂಬ ಸುದ್ದಿ ಹಬ್ಬಿತು. ವರ್ಷಗಟ್ಟಲೆ ನಾನು ಕಾದಿದ್ದು ಅದಕ್ಕೇ. ಅದೇ ಹೊತ್ತಿಗೆ ಅಧ್ಯಕ್ಷ ನಿಜಗುಣಪ್ಪನವರು ಕರೆದು, ಹೆಬ್ಬೆಟ್ಟು ಒತ್ತಿ ಹಾಜರಿ ಹಾಕುವ ಸಾಫ್ಟ್‌ವೇರ್ ಮಾಡಲು ಹೇಳಿದರು.

"ಹತ್ತಕ್ಕ ತಮ್ಮ ತಮ್ಮ ಆಫೀಸಿನ್ಯಾಗ ಹೆಬ್ಬೆಟ್ಟು ಬೀಳಬೇಕ. ಹೊರಗ ಕೆಲಸಕ್ಕ ಹೋಗಿದ್ನಿ ಅನ್ನೂದು ನಡಿಯೂದಿಲ್ಲ."

"ಮತ್ತ ನನ್ನ ಕೆಲಸ ಹೊರಗ ಐತೆಲ್ರೀ ಸರ್?"

"ನಿಮ್ದು ನಮಗ ಗೊತ್ತಿಲ್ಲೇನ್ರೀ?"

ಮಾಡಿದೆ. ಚೆನ್ನಾಗಿಯೇ ಮಾಡಿದೆ, ನನ್ನ ಕರ್ಮ. ಎಲ್ಲರಿಗಿಂತ ನಿಷ್ಠೆಯಿಂದ ಹೆಬ್ಬೆಟ್ಟು ಕೊಟ್ಟವನು ನನ್ನಂತೆಯೇ ಗುತ್ತಿಗೆಯಲ್ಲಿದ್ದ ಗುಮಾಸ್ತ ಬಸವಣ್ಣೆಪ್ಪ. ಬೆಳಿಗ್ಗೆ ಒತ್ತಿದರೆ, ಸಂಜೆ ಮತ್ತೆ ಒತ್ತುವವರೆಗೂ ಕುರ್ಚಿಯಲ್ಲಿ ಗೊರಕೆ. ಗೊರಕೆ ಅಳೆಯುವ ಸಾಫ್ಟ್‌ವೇರನ್ನು ಯಾರೂ ಕೇಳಿರಲಿಲ್ಲ.

ಯಾರನ್ನು ಕಾಯಂ ಮಾಡುವುದೆಂದು ತೀರ್ಮಾನಿಸುವ ಆಡಳಿತ ಮಂಡಳಿಯ ಸಭೆಯ ದಿನ ನಿಜಗುಣಪ್ಪನವರು ಕಂಪ್ಯೂಟರನ್ನು ನನ್ನತ್ತ ತಿರುಗಿಸಿದರು. ನನ್ನ ಹೆಸರಿನ ಮುಂದೆ ಗೈರು, ಗೈರು, ಗೈರು.

"ಭಾಳ ಸೂಟಿ ಹೊಡದೀರಿ ಬಿಡ್ರಿ."

"ಸರ್, ಅವತ್ತೆಲ್ಲಾ ಶಾಖೆಗಳ ನೆಟ್‌ವರ್ಕ್ ಚಾಲೂ ಮಾಡಾಕ ಹೋಗಿದ್ನಿರೀ. ನೀವ ಕಳಿಸಿದ್ರಿ!"

"ನಮಗ ಗೊತ್ತೈತ್ರೀ. ಮಷಿನ್‌ಗೆ ಗೊತ್ತಿಲ್ಲಲಾ? ನಿಮ್ಮೊಬ್ಬರ ಸಲುವಾಗಿ ಬದಲಿ ಮಾಡಿದ್ರ ನಾಳೆ ಮಂದಿ ಏನಂತಾರ?"

ಮಂದಿ ಏನೂ ಅನ್ನಲಿಲ್ಲ. ಬಸವಣ್ಣೆಪ್ಪ ಕಾಯಂ ಆದ. ಪೇಢಾ ಹಂಚಿದ. ನನಗೆ ಎರಡು ಕೊಟ್ಟ, ಪಾಪ, ಒಳ್ಳೆಯ ಮನುಷ್ಯ. ಹೊಟ್ಟೆ ಉರಿಯುತ್ತಿತ್ತು, ಆದರೂ ತಿಂದೆ.

ಇಷ್ಟೊಂದು ಗೈರುಹಾಜರಿ ಇದ್ದವಳನ್ನು ಇಟ್ಟುಕೊಳ್ಳುವುದು ಹೇಗೆಂದು ನನ್ನ ಗುತ್ತಿಗೆಯನ್ನೂ ಮುಗಿಸಿದರು. ಹೊರಟಾಗ ಅಧ್ಯಕ್ಷರು ಮೆತ್ತಗೆ ಕೆಮ್ಮಿದರು.

"ಮಂಜುಳಾ ಅವರ, ಹೋಗೂಕಿಂತ ಮೊದಲ ನಿಮ್ಮ ಹೆಸರು ಆ ಹಾಜರಿ ಸಾಫ್ಟ್‌ವೇರ್‌ನಾಗಿಂದ ತಗದು ಹೋಗ್ರಿ. ಬ್ಯಾರೆ ಯಾರಿಗೂ ಅದು ಬರೂದಿಲ್ಲ."

ಕೂತು ನನ್ನ ಹೆಸರನ್ನು ಆರಿಸಿದೆ. 'ಇವರನ್ನು ತೆಗೆದುಹಾಕುವುದು ಖಚಿತವೇ? ಇನ್ನೊಮ್ಮೆ ಯೋಚಿಸಿ' ಎಂದು ಪರದೆ ಕೇಳಿತು. ಕೈತಪ್ಪಿ ಯಾರ ಅನ್ನವೂ ಹೋಗಬಾರದೆಂದು ಆ ಸಾಲು ಬರೆದಿದ್ದವಳು ನಾನೇ. ಇಡೀ ಸಂಘದಲ್ಲಿ ನನ್ನ ಬಗ್ಗೆ ಹಾಗೆ ಕೇಳಿದ್ದು ಅದೊಂದೇ. ಕಣ್ಣು ತುಂಬಿ ಬಂತು. 'ಹೌದು' ಒತ್ತಿದೆ.