ಸುಣ್ಣದ ಗೆರೆಯ ಅಂಗಡಿ

ಬಸ್ ನಿಲ್ದಾಣದ ಎದುರು ಒಂದು ಚಪ್ಪಲಿ ಅಂಗಡಿ. ಅದರ ಯಜಮಾನನಿಗೆ ಎಲ್ಲವೂ ಅರ್ಜೆಂಟು. ಊಟ ಅರ್ಜೆಂಟು, ಸ್ನಾನ ಅರ್ಜೆಂಟು. ಮದುವೆಯ ಫೋಟೋದಲ್ಲೂ ಪುಣ್ಯಾತ್ಮ ಕುರ್ಚಿಯಿಂದ ಅರ್ಧ ಎದ್ದಿದ್ದಾನೆ. ಹಾಗಾಗಿ ಬೀದಿಗೆಲ್ಲ ಅವನು ಅರ್ಜೆಂಟಣ್ಣ.

ಅಂಗಡಿ ತೀರಾ ಹಳೆಯದಾಗಿತ್ತು. ಗೋಡೆ ಬಿರುಕು ಬಿಟ್ಟಿತ್ತು. ಗಿರಾಕಿಗಳಿಗೆ ಕೂರಲು ಜಾಗವಿಲ್ಲ. ಒಂಟಿ ಕಾಲಲ್ಲಿ ನಿಂತು, ಪಕ್ಕದವರ ಹೆಗಲು ಹಿಡಿದು ಚಪ್ಪಲಿ ಹಾಕಿ ನೋಡಬೇಕಿತ್ತು. ಇದನ್ನು ಕೆಡವಿ ಹೊಸದು ಕಟ್ಟಿಸಬೇಕು ಎಂದು ಅರ್ಜೆಂಟಣ್ಣ ನಿರ್ಧರಿಸಿದ. ಶಾಲೆ ಶುರುವಾಗಲು ಎರಡೂವರೆ ತಿಂಗಳಿತ್ತು. ಮಕ್ಕಳ ಶೂ ವ್ಯಾಪಾರ ಜೋರಾಗುವುದೇ ಆಗ. ಅವತ್ತೇ ಮೇಸ್ತ್ರಿಯನ್ನು ಕರೆಸಿದ.

"ಮೇಸ್ತ್ರಿ, ನಾಳೆಯೇ ಒಡೆಯೋಕೆ ಶುರು ಮಾಡಿ."

ಮೇಸ್ತ್ರಿಗೆ ಎಪ್ಪತ್ತರ ಹತ್ತಿರ. ನಲವತ್ತು ವರ್ಷದಿಂದ ಇದೇ ಕೆಲಸ. ಅವರು ನಿಧಾನವಾಗಿ ಕೇಳಿದರು, "ನಕ್ಷೆ ಎಲ್ಲಿ?"

"ನಕ್ಷೆ ಎಲ್ಲಾ ನನ್ನ ತಲೇಲಿದೆ."

"ಹಾಗಾದ್ರೆ ಅಂಗಡಿನೂ ಅಲ್ಲೇ ಕಟ್ಕೊಳ್ಳಿ ಯಜಮಾನ್ರೇ. ನೆಲದ ಮೇಲೆ ಬೇಕು ಅಂದ್ರೆ ಮೊದಲು ನೆಲದ ಮೇಲೆ ಬರೀಬೇಕು. ಭಾನುವಾರ ನಿಮ್ಮ ಮನೆ ಹಿಂದಿನ ಖಾಲಿ ಜಾಗಕ್ಕೆ ಬರ್ತೀನಿ. ಅಂಗಡೀಲಿ ಕೆಲಸ ಮಾಡೋರೆಲ್ಲ ಇರಬೇಕು."

"ನಾನಿದ್ದರೆ ಸಾಲದಾ?"

"ದಿನವಿಡೀ ಅಲ್ಲಿ ನಿಲ್ಲೋರು ಯಾರು?"

ನಿಲ್ಲುವವಳು ನಂಬರಕ್ಕ. ಹನ್ನೊಂದು ವರ್ಷದಿಂದ ಅಲ್ಲಿ ಕೆಲಸಕ್ಕಿದ್ದಳು. ಗಿರಾಕಿ ಹೊಸಿಲು ದಾಟುವಷ್ಟರಲ್ಲಿ ಪಾದ ನೋಡಿ "ಏಳು" ಎಂದೋ "ಎಂಟು, ಸ್ವಲ್ಪ ಅಗಲ" ಎಂದೋ ಹೇಳಿಬಿಡುತ್ತಿದ್ದಳು. ತಪ್ಪುತ್ತಿದ್ದುದು ಅಪರೂಪ.

ಭಾನುವಾರ ಬೆಳಿಗ್ಗೆ ಮೇಸ್ತ್ರಿ ಟೇಪು ಹಿಡಿದು ಅಳೆದು, ನೆಲದ ಮೇಲೆ ಸುಣ್ಣದ ಪುಡಿ ಉದುರಿಸುತ್ತ ಅಂಗಡಿಯನ್ನು ಬರೆದರು. ಅರ್ಜೆಂಟಣ್ಣ ಹೇಳಿದಂತೆಯೇ ಬರೆದರು. ಇಲ್ಲಿ ಮೆಟ್ಟಿಲು, ಇಲ್ಲಿ ಶಟರ್, ಇಲ್ಲಿ ಗಲ್ಲಾ, ಇಲ್ಲಿ ಬೆಂಚು, ಹಿಂದೆ ಮಾಲು ಇಡುವ ಕೋಣೆ.

"ಈಗ ಅಂಗಡಿ ತೆರೀತು ಅಂದ್ಕೊಳ್ಳಿ. ಅಮ್ಮಾ, ನೀವು ಗಿರಾಕಿ," ಎಂದು ಅರ್ಜೆಂಟಣ್ಣನ ಹೆಂಡತಿಯನ್ನು ಒಳಗೆ ಕರೆದರು.

ಅವಳು ನಗುತ್ತ ಬಂದು ಬೆಂಚಿನ ಗೆರೆಯ ಮೇಲೆ ಕೂತಳು. ನಂಬರಕ್ಕ ಅವಳ ಪಾದ ನೋಡಿ "ಆರು" ಎಂದು ಬಾಕ್ಸ್ ತರಲು ಹಿಂದಿನ ಕೋಣೆಗೆ ಹೊರಟವಳು ಥಟ್ಟನೆ ನಿಂತಳು. "ಅಯ್ಯೋ ಅಣ್ಣಾ, ಬೆಂಚು ಬಾಗಿಲಿಗೇ ಅಡ್ಡ ಇದೆ! ಗಿರಾಕಿ ತೊಡೆ ಮೇಲೆ ಹತ್ತಿ ದಾಟಬೇಕಾ ನಾನು?"

ಎಲ್ಲರೂ ನಕ್ಕರು. ಮೇಸ್ತ್ರಿ ಕಾಲಿನಿಂದ ಗೆರೆ ಅಳಿಸಿ ಬೆಂಚನ್ನು ಆಚೆ ಗೋಡೆಗೆ ಸರಿಸಿದರು. ಶಟರ್ ಮುಂದಿನ ಮೂರು ಮೆಟ್ಟಿಲು ಮಂಡಿನೋವಿನವರಿಗೆ ಕಷ್ಟ ಎಂದು ಹೆಂಡತಿ ಹೇಳಿದಾಗ ಅಲ್ಲೊಂದು ಇಳಿಜಾರು ಬಂತು.

"ಸರಿ, ಈಗ ಮಧ್ಯಾಹ್ನ," ಎಂದರು ಮೇಸ್ತ್ರಿ. "ಊಟ ಎಲ್ಲಿ? ಟಾಯ್ಲೆಟ್ ಎಲ್ಲಿ?"

ಅರ್ಜೆಂಟಣ್ಣ ಕೈಯಾಡಿಸಿದ. "ಇಷ್ಟು ಸಣ್ಣ ಅಂಗಡಿಗೆ ಅದೆಲ್ಲ ಯಾಕೆ? ಅಷ್ಟು ಜಾಗದಲ್ಲಿ ಇನ್ನೂರು ಜೊತೆ ಶೂ ಇಡಬಹುದು. ಎದುರಿಗೆ ಬಸ್ ಸ್ಟ್ಯಾಂಡಲ್ಲಿ ಇದೆಯಲ್ಲ!"

"ಅದಕ್ಕೆ ಬೀಗ ಹಾಕಿ ಮೂರು ವರ್ಷ ಆಯ್ತು ಅಣ್ಣಾ," ಎಂದಳು ನಂಬರಕ್ಕ.

"ಹೌದಾ? ಮತ್ತೆ ನೀವು ಎಲ್ಲಿಗೆ ಹೋಗ್ತೀರಿ?"

ನಂಬರಕ್ಕ ಅವನ ಹೆಂಡತಿಯ ಮುಖ ನೋಡಿದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. "ಹೋಗಲ್ಲ," ಎಂದಳು. "ಬೆಳಿಗ್ಗೆ ಮನೇಲಿ ಮುಗಿಸಿ ಬರ್ತೀನಿ. ಮತ್ತೆ ಸಂಜೆ ಮನೆಗೆ ಹೋದ ಮೇಲೇನೇ. ಅದಕ್ಕೇ ಅಂಗಡೀಲಿ ಏನೂ ಕುಡಿಯಲ್ಲ."

ಅರ್ಜೆಂಟಣ್ಣನಿಗೆ ಸಂಜೆಯ ಚಹಾ ನೆನಪಾಯಿತು. ದಿನಾ ನಾಲ್ಕು ಗಂಟೆಗೆ ಅವನು ಎರಡು ಚಹಾ ತರಿಸುತ್ತಿದ್ದ. "ಈಗೀಗ ನನಗೆ ಚಹಾ ಆಗಿಬರಲ್ಲ" ಎಂದು ಅವಳು ಲೋಟ ಸರಿಸುತ್ತಿದ್ದಳು. ಮೂರು ವರ್ಷ ಅವಳ ಪಾಲಿನದನ್ನೂ ಅವನೇ ಕುಡಿದಿದ್ದ.

ಹೆಂಡತಿ ಬೆಂಚಿನ ಗೆರೆಯಿಂದ ಎದ್ದಳು. "ರೀ, ಎರಡು ವರ್ಷದ ಹಿಂದೆ, ನಾನೂ ದಿನಾ ಅಂಗಡೀಲಿ ಕೂರ್ತಿದ್ದಾಗ, ಆಸ್ಪತ್ರೆ ಸೇರಿದ್ದು ನೆನಪಿದೆಯಾ? ಚಳಿಜ್ವರ, ಸೊಂಟನೋವು."

"ಉಷ್ಣ ಜಾಸ್ತಿ ಆಗಿದೆ ಅಂದಿದ್ದೆಯಲ್ಲ."

"ಉಷ್ಣ ಅಲ್ಲ. ಮೂತ್ರದ ಸೋಂಕು. ಕಿಡ್ನಿವರೆಗೆ ಹೋಗಿತ್ತು. ನೀರು ಕುಡಿಯದೆ, ದಿನವಿಡೀ ತಡ್ಕೊಂಡು ಕೂತರೆ ಹೀಗಾಗಬಹುದು ಅಂದ್ರು ಡಾಕ್ಟರಮ್ಮ. ಅದಕ್ಕೇ ಅಂಗಡಿಗೆ ಬರೋದು ಬಿಟ್ಟೆ."

ಅವಳಿಗೆ ವ್ಯಾಪಾರ ಬೇಜಾರಾಯಿತು ಎಂದು ಅವನು ನಂಬಿದ್ದ. ನೆಂಟರಿಗೆಲ್ಲ ಹಾಗೆಯೇ ಹೇಳಿಕೊಂಡೂ ಬಂದಿದ್ದ.

"ನನಗೆ ಹೇಳಬಾರದಿತ್ತಾ?"

"ಎಷ್ಟು ಸಲ ಬಾಯಿಗೆ ಬಂತೋ! ನೀವು ಯಾವಾಗ ನೋಡಿದ್ರೂ ಒಂದು ಕಾಲು ಹೊರಗೆ. ಇಂಥದ್ದನ್ನೆಲ್ಲ ಅವಸರದಲ್ಲಿ ಹೇಳೋಕಾಗುತ್ತಾ?"

ಅರ್ಜೆಂಟಣ್ಣ ನೆಲದ ಮೇಲೆ ಕುಕ್ಕರಿಸಿದ. ಆದರೂ ಹಳೇ ಚಾಳಿ ಎಲ್ಲಿ ಹೋದೀತು, "ಸರಿ, ಮಾಡಿಸೋಣ. ಮೊದಲು ಅಂಗಡಿ ಏಳಲಿ. ಟಾಯ್ಲೆಟ್ ಆಮೇಲೆ ಹಿಂದೆ ಸೇರಿಸಿದರಾಯ್ತು," ಎಂದ.

"ಆಮೇಲೆ ಅನ್ನೋದು ಬೇಡ," ಎಂದರು ಮೇಸ್ತ್ರಿ. "ಕೊಳವೆ ನೆಲದ ಅಡೀಲಿ ಹೋಗಬೇಕು. ಅದಕ್ಕೆ ಇಳಿಜಾರು ಕೊಡಬೇಕು. ಟೈಲ್ಸ್ ಹಾಕಿದ ಮೇಲೆ ನೆನಪಾದ್ರೆ ಟೈಲ್ಸ್ ಒಡೀಬೇಕು. ಗೋಡೆ ಎದ್ದ ಮೇಲೆ ಕಿಟಕಿ ನೆನಪಾದ್ರೆ ಗೋಡೆ ಒಡೀಬೇಕು. ಇವತ್ತಾದ್ರೆ ಕಾಲಲ್ಲಿ ಅಳಿಸಿ ಇನ್ನೊಂದು ಗೆರೆ ಎಳೀತೀನಿ, ಅಷ್ಟೇ."

ಅರ್ಜೆಂಟಣ್ಣ ಎದ್ದ. ಹಿಂದಿನ ಕೋಣೆಯ ಒಂದು ಮೂಲೆಯ ಗೆರೆಯನ್ನು ತಾನೇ ಕಾಲಿನಿಂದ ಅಳಿಸಿದ. "ಇಲ್ಲಿ ಸಾಕಾ ನೋಡಿ, ನಂಬರಕ್ಕ."

"ಬಾಗಿಲು ಗಿರಾಕಿಗಳ ಕಡೆ ಬೇಡ ಅಣ್ಣಾ, ಪಕ್ಕಕ್ಕೆ ಇರಲಿ," ಎಂದಳು ಅವಳು. ಆಮೇಲೆ ಧೈರ್ಯ ಬಂತು. ಒಳಗಿನಿಂದ ಗಟ್ಟಿ ಚಿಲಕ, ಎತ್ತರದಲ್ಲಿ ಕಿಟಕಿ, ನಲ್ಲಿ, ದೀಪ, ಮುಚ್ಚಳದ ಕಸದ ಬುಟ್ಟಿ, ಆಚೆ ಮೂಲೆಯಲ್ಲಿ ಊಟಕ್ಕೊಂದು ಕಟ್ಟೆ, ಒಂದೊಂದೇ ಹೇಳಿದಳು. ಹೆಂಡತಿ ಚೀಟಿಯಲ್ಲಿ ಬರೆದುಕೊಂಡಳು.

ಆ ಸುಣ್ಣದ ಗೆರೆಗಳನ್ನು ನೋಡಿ ಎಂಜಿನಿಯರ್ ನಕ್ಷೆ ಮಾಡಿಕೊಟ್ಟರು. ಪರವಾನಗಿ ಕೈಗೆ ಬರಲು ಒಂದು ತಿಂಗಳು ಹಿಡಿಯಿತು. ಅರ್ಜೆಂಟಣ್ಣ ಆ ತಿಂಗಳು ಹೇಗೆ ಕಳೆದನೋ ಅವನಿಗೇ ಗೊತ್ತು. ಸುಮ್ಮನೆ ಕೂರಲು ಮೇಸ್ತ್ರಿಯೂ ಬಿಡಲಿಲ್ಲ. ಕರೆಂಟಿನ ಪಾಯಿಂಟ್‌ಗಳು ಎಲ್ಲೆಲ್ಲಿ, ನೀರಿನ ಸಂಪರ್ಕಕ್ಕೆ ಅರ್ಜಿ ಯಾವಾಗ, ಇಟ್ಟಿಗೆ ಇಳಿಸುವುದು ಎಲ್ಲಿ ಎಂದು ಓಡಾಡಿಸಿದರು. ಕಟ್ಟಡ ಮುಗಿಯುವವರೆಗೆ ವ್ಯಾಪಾರ ನಿಲ್ಲಬಾರದೆಂದು, ಪಕ್ಕದ ಗಡಿಯಾರ ರಿಪೇರಿಯವರ ಅಂಗಡಿಯಲ್ಲಿ ಅರ್ಧ ಜಾಗವನ್ನು ಮೊದಲೇ ಗೊತ್ತುಮಾಡಿಸಿದರು.

ಶಾಲೆ ಶುರುವಾದಾಗ ಹೊಸ ಅಂಗಡಿಯ ಗೋಡೆಗಳಿಗೆ ಇನ್ನೂ ಗಾರೆ ಮೆತ್ತುತ್ತಿದ್ದರು. ಆ ವರ್ಷದ ಶೂ ವ್ಯಾಪಾರ ಇಕ್ಕಟ್ಟಿನಲ್ಲೇ ಮುಗಿಯಿತು, ಅರ್ಧದಷ್ಟೂ ಆಗಲಿಲ್ಲ. ಅರ್ಜೆಂಟಣ್ಣನಿಗೆ ಸಂಕಟವಾದದ್ದು ನಿಜ. ಆದರೆ ಕಟ್ಟಿದ್ದನ್ನು ಒಡೆಯುವ ಪ್ರಸಂಗ ಒಂದು ದಿನವೂ ಬರಲಿಲ್ಲ.

ಹೊಸ ಅಂಗಡಿ ತೆರೆದ ಎರಡನೆಯ ದಿನ ಹೆಂಡತಿ ಬುತ್ತಿ ಕಟ್ಟಿಕೊಂಡು ಬಂದಳು. ಮಧ್ಯಾಹ್ನಕ್ಕೆ ಹೊರಡುವಳೆಂದು ಅವನು ಎಣಿಸಿದ್ದ. ಅವಳು ಹೊರಡಲಿಲ್ಲ. ಸಂಜೆ ಗಿರಾಕಿಗಳ ನಡುವೆ ಒಬ್ಬ ಬಸುರಿ ಹೆಂಗಸು ನಂಬರಕ್ಕನ ಕಿವಿಯಲ್ಲಿ ಏನೋ ಕೇಳಿದಳು. ನಂಬರಕ್ಕ ಯಜಮಾನನ ಕಡೆ ತಿರುಗಿಯೂ ನೋಡದೆ ಪಕ್ಕದ ಬಾಗಿಲು ತೋರಿಸಿದಳು. ಗಲ್ಲಾದಲ್ಲಿ ಕೂತಿದ್ದ ಹೆಂಡತಿ, "ರೀ, ಅವರ ಚೀಲ ಸ್ವಲ್ಪ ಹಿಡ್ಕೊಳ್ಳಿ," ಎಂದಳು. ಅರ್ಜೆಂಟಣ್ಣ ಚೀಲ ಹಿಡಿದು, ಎಲ್ಲಿಗೂ ಹೊರಡದೆ, ನಿಂತುಕೊಂಡ.

ನೀವೂ ಅಂಗಡಿ ಕಟ್ಟಿಸಲು ಹೊರಟಿದ್ದೀರಾ? ಹಾಗಿದ್ದರೆ ಗುದ್ದಲಿಗಿಂತ ಮೊದಲು ಒಂದು ಹಿಡಿ ಸುಣ್ಣ ತನ್ನಿ. ನೆಲದ ಮೇಲೆ ಬರೆದು, ಅದರೊಳಗೆ ಒಂದು ದಿನದ ವ್ಯಾಪಾರ ಮಾಡಿ ನೋಡಿ. ನಕ್ಷೆ, ಪರವಾನಗಿ, ನೀರು, ಕೊಳವೆ ಎಲ್ಲವನ್ನೂ ಮುಂಚೆಯೇ ಗೊತ್ತುಮಾಡಿಕೊಳ್ಳಿ. ಮುಖ್ಯವಾಗಿ, ದಿನವಿಡೀ ಅಲ್ಲಿ ನಿಂತು ದುಡಿಯುವವರನ್ನು ಕರೆದು, ಅವರಿಗೇನು ಬೇಕೆಂದು ಕೇಳಿ. ಹೇಳಲು ಅವರು ಹಿಂಜರಿಯಬಹುದು. ಆಗ ಗಡಿಯಾರ ನೋಡಬೇಡಿ. ಅವರ ಪಕ್ಕ ಕೂತು ಕಾಯಿರಿ.