ಪೆಲ್ಹಮ್ ಸಾಹೇಬನ ಮುಖ ಹೊತ್ತ ಬೋರ್ಡು

ನಾನು ಒಂದು ಬೋರ್ಡು. ಶಾಲೆಯ ಕರಿಹಲಗೆಯಲ್ಲ, ಅಂಗಡಿಯ ನಾಮಫಲಕವೂ ಅಲ್ಲ. ಕೆನಡಾ ದೇಶದಲ್ಲಿ ಚುನಾವಣೆ ಬಂದಾಗ ಜನ ತಮ್ಮ ಮನೆ ಮುಂದಿನ ಹುಲ್ಲಿನಲ್ಲಿ ನೆಡುತ್ತಾರಲ್ಲ, ಆ ಪ್ಲಾಸ್ಟಿಕ್ ಬೋರ್ಡು. ನನ್ನ ಜಾತಿಯವರ ಆಯುಸ್ಸು ಹೆಚ್ಚೆಂದರೆ ಒಂದು ತಿಂಗಳು. ನಾನು ಐದನೆಯ ವರ್ಷದಲ್ಲಿದ್ದೇನೆ. ಇಷ್ಟು ದಿನ ಬದುಕಿದ್ದು ಪುಣ್ಯದಿಂದಲ್ಲ, ಹಟದಿಂದ. ಒಬ್ಬನ ಮೇಲೆ ಸೇಡು ಬಾಕಿ ಇತ್ತು.

ನಾನು ಹುಟ್ಟಿದ್ದು ಹಾರ್ಟನ್ ಮಿಲ್ಸ್ ಎಂಬ ಊರಿನ ಅಂಚಿನ ಒಂದು ಷೆಡ್ಡಿನಲ್ಲಿ. ಹುಟ್ಟುವಾಗ ಬೆಳ್ಳಗೆ, ಖಾಲಿಯಾಗಿ ಚೆನ್ನಾಗಿಯೇ ಇದ್ದೆ. ಆಮೇಲೆ ಯಂತ್ರದೊಳಗೆ ಹೋಗಿ ಬಂದೆ, ನೋಡಿದರೆ ಮೈತುಂಬ ಒಬ್ಬ ಗಂಡಸಿನ ಮುಖ! ಎಲ್ಲರೂ ತಮ್ಮ ಮುಖ ಹೊತ್ತು ಹುಟ್ಟುತ್ತಾರೆ, ನನಗೆ ಬಂದದ್ದು ಗಾರ್ತ್ ಪೆಲ್ಹಮ್ ಎಂಬ ಅಭ್ಯರ್ಥಿಯ ಮುಖ. ಹಲ್ಲು ಮೂವತ್ತೆರಡೂ ಕಾಣುವ ನಗು. ಗದ್ದದ ಕೆಳಗೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಸಾಲು: ನಮ್ಮ ಆರೈಕೆಮನೆ ಮಾರಾಟಕ್ಕಿಲ್ಲ, ಇದು ನನ್ನ ಮಾತು. ಮುಖ ನನ್ನದಲ್ಲದಿದ್ದರೂ ಆ ಸಾಲು ಮಾತ್ರ ನನಗೆ ಬಹಳ ಹಿಡಿಸಿತು. ಅದನ್ನೇ ನನ್ನ ಕುಲದೇವರು ಅಂದುಕೊಂಡೆ.

ಆರೈಕೆಮನೆ ಎಂದರೆ ಕೈಕಾಲು ಸೋತ ವಯಸ್ಸಾದವರನ್ನು ನೋಡಿಕೊಳ್ಳಲು ಊರೇ ನಡೆಸುತ್ತಿದ್ದ ಮನೆ. ಅದನ್ನು ಲಾಭದ ಕಂಪನಿಗೆ ಮಾರುತ್ತಾರೆ ಎಂಬ ಸುದ್ದಿ ಆ ವರ್ಷ ಎಲ್ಲರ ಬಾಯಲ್ಲಿತ್ತು. ಗದಗಿನ ಹೆಣ್ಣುಮಗಳು ನೀಲಗಂಗಾ ಹಾದಿಮನಿ ಅಲ್ಲಿ ಕೆಲಸಕ್ಕಿದ್ದಳು. ಮುದುಕರನ್ನು ಎಬ್ಬಿಸುವುದು, ಮೀಯಿಸುವುದು, ಉಣ್ಣಿಸುವುದು ಅವಳ ಕೆಲಸ. ಮನೆಮನೆ ಸುತ್ತುತ್ತ ಬಂದ ಪೆಲ್ಹಮ್ ಅವಳ ಮನೆಯ ಬಾಗಿಲನ್ನೂ ತಟ್ಟಿದ. ನಾನು ಅವನ ಸ್ವಯಂಸೇವಕನ ಕಂಕುಳಲ್ಲಿದ್ದೆ.

ನೀಲಗಂಗಾ ಅವನನ್ನು ಒಳಗೆ ಕೂರಿಸಿ ಬಿಸಿಬಿಸಿ ಮೆಣಸಿನಕಾಯಿ ಬಜ್ಜಿ ಕೊಟ್ಟಳು. ಪುಣ್ಯಾತ್ಮ ಮೂಗು ಒರೆಸಿಕೊಳ್ಳುತ್ತಲೇ ನಾಲ್ಕು ತಿಂದ. ಆಮೇಲೆ ಅವಳ ಕೈ ಹಿಡಿದು, "ನೋಡಿ, ಆ ಮನೆಗೆ ನಾನೇ ಕಾವಲು" ಎಂದ. ಅವಳು ನಂಬಿದಳು. ನನ್ನನ್ನು ತಾನೇ ಅಂಗಳದಲ್ಲಿ ನೆಟ್ಟಳು. ದಿನಾ ಕೆಲಸಕ್ಕೆ ಹೊರಡುವಾಗ ನನ್ನ ಸಾಲನ್ನೊಮ್ಮೆ ಓದಿ ಹೋಗುತ್ತಿದ್ದಳು. ನನಗೂ ಆಗ ಹೆಮ್ಮೆ.

ಪೆಲ್ಹಮ್ ಗೆದ್ದ. ಇಲ್ಲಿಯ ಕಟ್ಟುಪಾಡಿನಂತೆ, ಮತದಾನ ಮುಗಿದು ಮೂರು ದಿನದೊಳಗೆ ಬೋರ್ಡುಗಳನ್ನೆಲ್ಲ ಕಿತ್ತು ಒಯ್ಯಬೇಕು. ನಮ್ಮನ್ನು ಒಯ್ದು ಅವನ ಮನೆಯ ಗ್ಯಾರೇಜಿನಲ್ಲಿ ಪೇರಿಸಿದರು. ಅಲ್ಲಿ ವರ್ಷಗಟ್ಟಲೆ ಗೋಡೆಗೆ ಮುಖ ಮಾಡಿ ನಿಂತೆ. ಮುಖವೂ ಅವನದು, ಗೋಡೆಯೂ ಅವನದು.

ಎರಡನೆಯ ವರ್ಷ ಒಂದು ಬೆಳಿಗ್ಗೆ ಪೆಲ್ಹಮ್ ಗಾಲ್ಫ್ ಚೀಲ ಹುಡುಕುತ್ತ ಬಂದ. ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ: "ಹೌದು, ಮತಕ್ಕೆ ಹಾಕಿದಾಗ ನಾನು ಮಾರುವುದಕ್ಕೇ ಕೈಯೆತ್ತಿದೆ. ಏನಾಯಿತೀಗ? ಬೋರ್ಡಿನ ಮೇಲೆ ಬರೆದದ್ದನ್ನು ಯಾರು ನೆನಪಿಡುತ್ತಾರೆ?"

ಯಾರು ನೆನಪಿಡುತ್ತಾರೆ! ಅವನ ಬೆನ್ನ ಹಿಂದೆ ಎರಡು ಮೊಳ ದೂರದಲ್ಲಿ ಆ ಮಾತನ್ನೇ ಹೊತ್ತು ನಾನು ನಿಂತಿದ್ದೆ. ಉಂಡ ಮನೆಯ ಜಂತೆ ಎಣಿಸುವವರನ್ನು ಲೋಕ ಕಂಡಿದೆ, ಇವನು ಜಂತೆಯನ್ನೇ ಮಾರಿದ್ದ. ಕೈಯಿದ್ದರೆ ಅಲ್ಲೇ ಅವನ ಕಪಾಳಕ್ಕೆ ಬಿಗಿಯುತ್ತಿದ್ದೆ. ಕೈಯಿಲ್ಲ. ಇದ್ದದ್ದು ಎರಡು ತಂತಿಯ ಕಾಲು, ಅವಕ್ಕೂ ತುಕ್ಕು ಹಿಡಿಯುತ್ತಿತ್ತು. ಇರಲಿ ಮಗನೇ, ನನಗೂ ಒಂದು ದಿನ ಬರುತ್ತದೆ ಅಂದುಕೊಂಡೆ.

ಬಂದೇ ಬಂತು. ನಾಲ್ಕು ವರ್ಷದ ಮೇಲೆ ಮತ್ತೆ ಚುನಾವಣೆ, ಅದೂ ಮಾರ್ಚ್ ತಿಂಗಳ ಹಿಮದಲ್ಲಿ. ಹೊಸ ಬೋರ್ಡು ಸಾಲದೆ ಪೆಲ್ಹಮ್‌ನ ಕಡೆಯವರು ನಮ್ಮನ್ನೇ ಹೊರಗೆಳೆದರು. ಹಳೆಯ ಬೋರ್ಡು ಒರೆಸಿ ಮತ್ತೆ ನೆಡುವುದು ಇಲ್ಲಿ ಎಲ್ಲ ಪಕ್ಷದವರೂ ಮಾಡುವ ಕೆಲಸವೇ. ನಮಗೆ ಮಾಡಿದ್ದು ಇನ್ನೊಂದು. ಗದ್ದದ ಕೆಳಗಿನ ಆ ಸಾಲಿನ ಮೇಲೆ ಉದ್ದಕ್ಕೆ ಒಂದು ಸ್ಟಿಕ್ಕರ್ ಅಂಟಿಸಿದರು: ಅನುಭವಕ್ಕೇ ನಿಮ್ಮ ಮತ. ನನ್ನ ಬಾಯಿಗೆ ಬಟ್ಟೆ ತುರುಕಿದ ಹಾಗಾಯಿತು.

ಆದರೆ ಬುದ್ಧಿವಂತರು ಒಂದು ತಪ್ಪು ಮಾಡಿದರು. ಕಳೆದ ಸಲ ಯಾರು ಯಾರು ಬೋರ್ಡು ಹಾಕಿಸಿಕೊಂಡಿದ್ದರೋ ಆ ಪಟ್ಟಿ ಹಿಡಿದುಕೊಂಡು, ಯಾರನ್ನೂ ಕೇಳದೆ ಅದೇ ಮನೆಗಳಲ್ಲಿ ನೆಡುತ್ತ ಹೋದರು. ನನ್ನನ್ನು ತಂದು ನೀಲಗಂಗಾಳ ಮನೆಯ ಮುಂದಿನ ಹಿಮದ ಗುಡ್ಡೆಗೇ ಚುಚ್ಚಿದರು.

ಅವಳು ಕೆಲಸ ಮುಗಿಸಿ ಬಂದವಳು ನನ್ನ ಮುಂದೆ ನಿಂತುಬಿಟ್ಟಳು. ನಾಲ್ಕು ವರ್ಷದಲ್ಲಿ ಬಹಳ ಇಳಿದುಹೋಗಿದ್ದಳು. ಉಗುಳುತ್ತಾಳೆ ಅಂದುಕೊಂಡೆ. ಉಗುಳಿದ್ದರೆ ಸಂತೋಷವೇ ಆಗುತ್ತಿತ್ತು. ಅವಳು ಬಗ್ಗಿ ಸ್ಟಿಕ್ಕರಿನ ಅಂಚನ್ನು ಉಗುರಿನಿಂದ ಮುಟ್ಟಿ ನೋಡಿದಳು. ನನ್ನನ್ನು ಕಿತ್ತು ಅಡುಗೆಮನೆಗೆ ಒಯ್ದು ಮೇಜಿನ ಮೇಲೆ ಅಂಗಾತ ಮಲಗಿಸಿದಳು.

ಗಂಡ ಮುರಿಗೆಪ್ಪ ಊರಿನ ಬಸ್ಸು ಓಡಿಸುವವನು, ಕಾನೂನಿಗೆ ಹೆದರುವ ಮನುಷ್ಯ. "ನೀಲಾ, ಏನ್ ಮಾಡಾಕತ್ತಿ? ಬೋರ್ಡ್ ಕೆಡಿಸಿದ್ರ ಕೇಸ್ ಆಕ್ಕೈತಿ" ಅಂದ.

"ಕೆಡಸಾಕತ್ತಿಲ್ರಿ, ತೊಳ್ಯಾಕತ್ತೀನಿ. ಅವ್ರು ಬರದದ್ದ ಅವ್ರಿಗೇ ತೋರಸ್ತೀನಿ" ಎಂದಳು ನೀಲಗಂಗಾ.

ಕೊಬ್ಬರಿ ಎಣ್ಣೆಯನ್ನು ಬೆಚ್ಚಗೆ ಮಾಡಿ ಹತ್ತಿಯಲ್ಲಿ ಅದ್ದಿ ಅಂಚಿಗೆ ಹಚ್ಚಿದಳು. ಮುದುಕರ ಮೈಗೆ ಅಂಟಿಸಿದ ಗಾಯದ ಪಟ್ಟಿ ಬಿಚ್ಚುವುದು ಹೀಗೆಯೇ. ಅವರ ಚರ್ಮ ಹಣ್ಣಿನ ಸಿಪ್ಪೆಯಂತಿರುತ್ತದೆ, ಸರಕ್ಕನೆ ಎಳೆದರೆ ಚರ್ಮವೇ ಕಿತ್ತು ಬರುತ್ತದೆ. ಎಣ್ಣೆ ಹಚ್ಚಿ ಕಾಯಬೇಕು. ಕಾಯುತ್ತ ಅವಳು ಗಂಡನಿಗೆ ಒಲೆನಾಳ ಕಥೆಯನ್ನು ಮತ್ತೆ ಹೇಳಿದಳು. ನಾನು ಕೇಳಿದ್ದು ಅದೇ ಮೊದಲು.

ಒಲೆನಾ ಆರೈಕೆಮನೆಯಲ್ಲಿದ್ದ ತೊಂಬತ್ತೊಂದರ ಮುದುಕಿ, ನಿವೃತ್ತ ಶಾಲಾ ಟೀಚರು. ನೀಲಗಂಗಾ ಆರು ವರ್ಷ ದಿನಾ ಅವಳ ತಲೆ ಬಾಚಿದ್ದಳು. ಮುದುಕಿಗೆ ಸಾವಿನ ಭಯವಿರಲಿಲ್ಲ, ಸಾಯುವಾಗ ಯಾರೂ ಕೈ ಹಿಡಿದಿರುವುದಿಲ್ಲವಲ್ಲ ಎಂಬ ಭಯವಿತ್ತು. "ನಾ ಹಿಡಕೋತೀನಿ" ಅಂತ ನೀಲಗಂಗಾ ಮಾತು ಕೊಟ್ಟಿದ್ದಳು. ಮನೆ ಮಾರಿದ ಮೇಲೆ ಹೊಸ ಕಂಪನಿಯವರು ಒಂದು ಮಹಡಿಯನ್ನೇ ಮುಚ್ಚಿ, ಅಲ್ಲಿದ್ದವರನ್ನು ಇನ್ನೂರು ಕಿಲೋಮೀಟರ್ ದೂರದ ಊರಿಗೆ ಸಾಗಿಸಿದರು. ನೀಲಗಂಗಾ ರಜೆ ಸಿಕ್ಕ ಮೊದಲ ಭಾನುವಾರವೇ ಬಸ್ಸು ಹತ್ತಿ ಹೋದಳು. ಹೋಗಿ ನೋಡಿದರೆ ಮುದುಕಿ ಆಗಲೇ ತೀರಿಕೊಂಡಿದ್ದಳು, ಹಾಸಿಗೆಯ ಹೊದಿಕೆಯನ್ನೆಲ್ಲ ತೆಗೆದಾಗಿತ್ತು.

"ನನ್ನ ಮಾತ ಸುಳ್ಳ ಮಾಡಿಸ್ಯಾನ್ರಿ ಅಂವಾ" ಎಂದಳು ನೀಲಗಂಗಾ. "ಅಂವಾ ಸೋಲಲಿ, ಗೆಲ್ಲಲಿ. ಈ ಸಾಲ ಅವನ ಬಾಯಿಂದನ ಮಂದಿ ಮುಂದ ಓದಸ್ಬೇಕ್ರಿ. ಅಷ್ಟ."

ಅಷ್ಟು ಹೇಳುವುದರೊಳಗೆ ಸ್ಟಿಕ್ಕರ್ ನೆಂದಿತ್ತು. ಅಂಟನ್ನು ಬಿಟ್ಟುಕೊಡುವುದೊಂದೇ ನನ್ನ ಕೈಲಾದ ಕೆಲಸ, ಅದನ್ನು ಮನಸಾರೆ ಮಾಡಿದೆ. ಸ್ಟಿಕ್ಕರ್ ಇಡಿಯಾಗಿ ಎದ್ದು ಬಂತು. ಅದರ ಕೆಳಗೆ ನನ್ನ ಸಾಲು ಹೊಚ್ಚಹೊಸದಾಗಿ ಹೊಳೆಯುತ್ತಿತ್ತು.

ಆ ಶನಿವಾರ ಮಧ್ಯಾಹ್ನ ಚರ್ಚಿನ ಸಭಾಂಗಣದಲ್ಲಿ ಎಲ್ಲ ಅಭ್ಯರ್ಥಿಗಳನ್ನೂ ಒಟ್ಟಿಗೆ ಕೂರಿಸಿ ಜನ ಪ್ರಶ್ನೆ ಕೇಳುವ ಸಭೆ. ನೀಲಗಂಗಾ ನನ್ನನ್ನು ಎದೆಗೆ ಅವುಚಿಕೊಂಡು, ಕೆಳಗಿನ ಸಾಲಿನ ಮೇಲೆ ಶಾಲು ಇಳಿಬಿಟ್ಟು ಹೋದಳು. ಬಾಗಿಲಲ್ಲಿದ್ದ ಪೆಲ್ಹಮ್‌ನ ಕಡೆಯವರಿಗೆ ತಮ್ಮ ನಾಯಕನ ಮುಖ ಕಂಡು ಎಲ್ಲಿಲ್ಲದ ಹಿಗ್ಗು. "ಬನ್ನಿ ಬನ್ನಿ" ಎಂದು ಮುಂದಿನ ಸಾಲಿನಲ್ಲೇ ಕುರ್ಚಿ ಕೊಟ್ಟರು. ನನಗೆ ನಗು ತಡೆಯಲಾಗಲಿಲ್ಲ, ಆದರೆ ಮುಖದ ತುಂಬ ಮೊದಲೇ ಅವನ ನಗುವಿತ್ತಲ್ಲ, ಯಾರಿಗೂ ಗೊತ್ತಾಗಲಿಲ್ಲ.

ಯಾರೋ ಒಬ್ಬರು ಆರೈಕೆಮನೆಯ ವಿಷಯ ಎತ್ತಿದರು. ಪೆಲ್ಹಮ್ ಎದ್ದು, "ಮಾರುವುದಿಲ್ಲ ಎಂದು ನಾನು ಯಾವತ್ತೂ ಮಾತು ಕೊಟ್ಟಿರಲಿಲ್ಲ" ಎಂದ.

ನೀಲಗಂಗಾ ಕೈಯೆತ್ತಿದಳು. ಅವಳು ಆಡಿದ್ದು ಇಂಗ್ಲಿಷೇ, ಆದರೆ ದನಿ ಗದಗಿನದು. ನನ್ನ ಕಿವಿಗೆ ಬಿದ್ದ ಹಾಗೆಯೇ ಹೇಳುತ್ತೇನೆ.

"ನನಗ ಕಣ್ಣ ಮಂಜ ಆಗ್ಯಾವ್ರಿ ಸಾಹೇಬ್ರ. ನಿಮ್ಮ ಬೋರ್ಡಿನ್ಯಾಗ ಕೆಳಗ ಏನ್ ಬರದಾರ ಒಂದೀಟ ಓದ್ರಿ."

ಶಾಲು ಸರಿಸಿ ನನ್ನನ್ನು ಎತ್ತಿ ಹಿಡಿದಳು. ಅವನ ಮುಖ ಅವನನ್ನೇ ನೋಡಿತು. ನನ್ನ ಜೀವಮಾನದಲ್ಲಿ ಅಂಥ ಸುಖವನ್ನು ನಾನು ಕಂಡಿಲ್ಲ. ಅವನು ಗಡಿಯಾರ ನೋಡಿದ. ಸಭೆ ನಡೆಸುತ್ತಿದ್ದ ಪಾದ್ರಿ, "ಓದಿ, ಸಮಯವಿದೆ" ಎಂದರು. ಅವನು ನೀರು ಕುಡಿದ. ಕೊನೆಗೆ ಓದಿದ. ಕೊನೆಯ ಎರಡು ಪದ ಬಾಯಿಂದ ಹೊರಡಲಿಲ್ಲ. ಹಿಂದಿನ ಸಾಲಿನ ಮುದುಕನೊಬ್ಬ ಅವನ್ನೂ ಗಟ್ಟಿಯಾಗಿ ಓದಿ ಮುಗಿಸಿದ: "ನನ್ನ ಮಾತು."

"ಒಲೆನಾ ಅಂತ ಒಬ್ಬಾಕಿ ಇದ್ಲ್ರಿ" ಎಂದಳು ನೀಲಗಂಗಾ. "ನೀವು ಮಾರಿದ್ದು ಆಕಿನ್ನ." ಅಷ್ಟು ಹೇಳಿ ಕೂತಳು.

ಮರುದಿನದಿಂದ ಕೊಬ್ಬರಿ ಎಣ್ಣೆ ಕೇಳಿಕೊಂಡು ಅಕ್ಕಪಕ್ಕದವರು ಬರತೊಡಗಿದರು. ಕೇಳದೆ ನೆಟ್ಟ ಬೋರ್ಡುಗಳು ಅವರ ಅಂಗಳದಲ್ಲೂ ಇದ್ದವಲ್ಲ! ವಾರದೊಳಗೆ ಆ ಬೀದಿಯ ನನ್ನ ಅಣ್ಣತಮ್ಮಂದಿರೆಲ್ಲ ಬಾಯಿಬಿಟ್ಟರು. ಪೆಲ್ಹಮ್ ಸೋತ. ಮಾಡಿದ್ದುಣ್ಣೋ ಮಹಾರಾಯ. ಗೆದ್ದದ್ದು ಜೋಸೆಟ್ ಮ್ಯಾಕೈವರ್ ಎಂಬ ಹೆಂಗಸು. ಅವಳ ಬೋರ್ಡಿನ ಮೇಲೆ, ಆರೈಕೆಮನೆಯನ್ನು ಊರಿಗೆ ಮರಳಿ ತರುತ್ತೇನೆ ಎಂದು ಬರೆದಿತ್ತು. ಸಭೆಯಾದ ಮೇಲೆ ನೀಲಗಂಗಾ ನನ್ನನ್ನು ಮತ್ತೆ ಅಂಗಳದಲ್ಲಿ ನೆಟ್ಟಿದ್ದಳು, ಕೊನೆಯ ವಾರ ಅದೂ ನನ್ನ ಪಕ್ಕದಲ್ಲೇ ನಿಂತಿತ್ತು.

ಮತದಾನವಾದ ಮೂರನೆಯ ದಿನ ಬೋರ್ಡು ಒಯ್ಯಲು ಪೆಲ್ಹಮ್‌ನ ಕಡೆಯವನೊಬ್ಬ ಬಂದ. ನನ್ನನ್ನು ನೋಡಿ, "ಇದೊಂದು ಬೇಡ ಅಂದಿದ್ದಾರೆ" ಎಂದು ಹಾಗೇ ಹೋದ.

ಹೀಗೆ ನಾನು ನೀಲಗಂಗಾಳ ಪಾಲಿಗೆ ಬಂದೆ. ಅವಳು ನನ್ನ ತಂತಿ ಕಾಲು ತೆಗೆದು, ಅಂಚುಗಳನ್ನು ಮೇಲಕ್ಕೆ ಮಡಿಸಿ, ಬಾಗಿಲ ಒಳಗೆ ಹಾಸಿದಳು. ಹಿಮದ ದೇಶದಲ್ಲಿ ಬೂಟು ಕಳಚದೆ ಯಾರೂ ಮನೆಯೊಳಗೆ ಹೆಜ್ಜೆ ಇಡುವಂತಿಲ್ಲ. ಆ ಕೆಸರು, ಕರಗಿದ ಹಿಮ, ರಸ್ತೆಯ ಉಪ್ಪು ಎಲ್ಲ ಈಗ ನನ್ನ ಮೈಮೇಲೆ. ಮುರಿಗೆಪ್ಪನ ಬಸ್ಸಿನ ಬೂಟು ದಿನಾ ಸಂಜೆ ಸರಿಯಾಗಿ ಎಡಗೆನ್ನೆಯ ಮೇಲೆ ಇಳಿಯುತ್ತದೆ. ನೋವಾಗುವುದಿಲ್ಲವೇ ಎಂದು ಕೇಳಬೇಡಿ. ಮುಖ ನನ್ನದಲ್ಲವಲ್ಲ.

ಸೇಡು ತೀರಿತೇ? ತೀರಿತು ಅಂದರೆ ಸುಳ್ಳಾದೀತು. ಒಲೆನಾ ತಿರುಗಿ ಬರಲಿಲ್ಲ. ಮಾರಿದ ಮನೆ ಇನ್ನೂ ಮಾರಿದ ಮನೆಯೇ. ಕೆಲವು ದಿನ ನೀಲಗಂಗಾ ಬೂಟಿನ ಲಾಡಿ ಬಿಚ್ಚುತ್ತ ಹಾಗೇ ನನ್ನ ಸಾಲನ್ನು ನೋಡುತ್ತ ಕೂತುಬಿಡುತ್ತಾಳೆ. ಆಗ ನನಗೆ ಹೀಗೆ ತುಳಿಯಲು ಒಬ್ಬನ ಮುಖ ಸಾಲದು ಅನ್ನಿಸುತ್ತದೆ.

ಮೊನ್ನೆ ಹಿಮ ಕರಗುವ ಹೊತ್ತಿನಲ್ಲಿ ಜೋಸೆಟ್ ಕೃತಜ್ಞತೆ ಹೇಳಲು ಬಂದಳು. ಬೂಟು ಕಳಚಿ ಕೈಯಲ್ಲಿ ಹಿಡಿದು ಕೆಳಗೆ ನೋಡಿ ನಕ್ಕಳು. "ಇದು ಗಾರ್ತ್ ಅಲ್ಲವೇ?"

"ಹೌದ್ರಿ, ಅಂವನ" ಎಂದಳು ನೀಲಗಂಗಾ. "ನಿಮ್ಮ ಬೋರ್ಡನೂ ನಾ ವಾಪಸ್ ಕೊಟ್ಟಿಲ್ರಿ. ಕೆಳಗ ನೆಲಮನಿಯಾಗ ಇಟ್ಟೇನಿ. ನಮ್ಮ ಮನೀಗಿ ಹಿತ್ತಲ ಬಾಗಲಾನೂ ಐತಿ."

ಜೋಸೆಟಳ ನಗು ನಿಂತಿತು. ಬೂಟನ್ನು ಬಹಳ ಮೆಲ್ಲಗೆ, ನನ್ನ ಅಂಚಿಗೆ ಇಟ್ಟಳು. ನೀಲಗಂಗಾ ಬಗ್ಗಿ ಬೂಟುಗಳನ್ನು ಎತ್ತಿ, ನಡುವಿಗೆ, ಅವನ ಮೂಗಿನ ಮೇಲೆ ಇಟ್ಟು, "ಬರ್ರಿ, ಬಜ್ಜಿ ಆರತಾವ" ಎಂದಳು.